ಗುಡುಗು ಬಿರುಗಾಳಿಯ ಬೆನ್ನಟ್ಟುವಿಕೆ: ಅಮೆರಿಕದ ಮಹಾಬಯಲಿನಲ್ಲಿ ಒಂದು ದಿನ

ಅಮೆರಿಕ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ, ಟೆಕ್ಸಾಸ್ ರಾಜ್ಯದಿಂದ ಉತ್ತರದ ಕೆನಡಾದವರೆಗೆ, ವಿಶಾಲವಾದ ಹುಲ್ಲುಗಾವಲಿನ ನಾಡು ಹರಡಿದೆ. ಗ್ರೇಟ್ ಪ್ಲೇನ್ಸ್ ಎಂದು ಹೆಸರಾದ ಈ ಮಹಾಬಯಲಿನ ಮೇಲೆ ಪ್ರತಿ ವರ್ಷ ವಸಂತದಲ್ಲಿ ಜಗತ್ತಿನ ಅತ್ಯಂತ ಪ್ರಬಲವಾದ ಗುಡುಗು ಬಿರುಗಾಳಿಗಳು ಏಳುತ್ತವೆ. ಅವು ಎಲ್ಲಿ, ಯಾವ ಹೊತ್ತಿಗೆ ಹುಟ್ಟಬಹುದೆಂದು ಮೊದಲೇ ಅಂದಾಜು ಮಾಡಿ, ವಾಹನದಲ್ಲಿ ಅಲ್ಲಿಗೆ ತೆರಳಿ, ತಕ್ಕ ಅಂತರದಲ್ಲಿ ನಿಂತು ಅವುಗಳನ್ನು ವೀಕ್ಷಿಸುವ, ಅಳೆಯುವ ಮತ್ತು ಚಿತ್ರೀಕರಿಸುವ ಚಟುವಟಿಕೆಗೆ ಸ್ಟಾರ್ಮ್ ಚೇಸಿಂಗ್, ಅಂದರೆ ಬಿರುಗಾಳಿಯ ಬೆನ್ನಟ್ಟುವಿಕೆ ಎಂದು ಹೆಸರು. ಹೆಸರಿನಲ್ಲಿ ಓಟವಿದ್ದರೂ ಈ ಕೆಲಸದ ಬಹುಪಾಲು ಓದುವುದರಲ್ಲಿ ಮತ್ತು ಕಾಯುವುದರಲ್ಲಿ ಕಳೆಯುತ್ತದೆ. ಮೋಡದ ರಚನೆಯನ್ನು ಅರಿತವರಿಗೆ ಮಾತ್ರ ಅದರ ಹತ್ತಿರ ಸುರಕ್ಷಿತವಾಗಿ ನಿಲ್ಲುವುದು ಸಾಧ್ಯ.

ಮೂರು ಗಾಳಿಗಳು, ಮೂರು ಹೆಸರುಗಳು

ಚಂಡಮಾರುತ, ಗುಡುಗು ಬಿರುಗಾಳಿ ಮತ್ತು ಸುಂಟರಗಾಳಿ ಎಂಬ ಮೂರು ಹೆಸರುಗಳು ಮೂರು ಬೇರೆ ಬೇರೆ ವಿದ್ಯಮಾನಗಳನ್ನು ಸೂಚಿಸುತ್ತವೆ. ಚಂಡಮಾರುತವು ಬೆಚ್ಚನೆಯ ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ವ್ಯಾಪಿಸಿ, ದಿನಗಟ್ಟಲೆ ಬಾಳುತ್ತದೆ. ಗುಡುಗು ಬಿರುಗಾಳಿಯು ಒಂದು ಬೃಹತ್ ಮೋಡ ಅಥವಾ ಅಂತಹ ಮೋಡಗಳ ಗುಂಪು. ಅದರ ವ್ಯಾಪ್ತಿ ಹತ್ತಾರು ಕಿಲೋಮೀಟರ್, ಆಯುಷ್ಯ ಕೆಲವು ಗಂಟೆ. ಸುಂಟರಗಾಳಿಯು ಅಂತಹ ಮೋಡದ ತಳದಿಂದ ನೆಲದವರೆಗೆ ಚಾಚುವ ತೀವ್ರ ಸುಳಿ. ಹೆಚ್ಚಿನ ಸುಂಟರಗಾಳಿಗಳು ಕೆಲವೇ ನಿಮಿಷ ನೆಲದ ಮೇಲಿರುತ್ತವೆ.

ಅಮೆರಿಕದ ಹವಾಮಾನ ಸೇವೆಯ ಪ್ರಕಾರ ಒಂದು ಗುಡುಗು ಬಿರುಗಾಳಿಯನ್ನು ತೀವ್ರ ಎಂದು ಕರೆಯಲು ಮೂರರಲ್ಲಿ ಒಂದು ಲಕ್ಷಣ ಇರಬೇಕು: ಕನಿಷ್ಠ 2.5 ಸೆಂಟಿಮೀಟರ್ ವ್ಯಾಸದ ಆಲಿಕಲ್ಲು, ಗಂಟೆಗೆ ಕನಿಷ್ಠ 93 ಕಿಲೋಮೀಟರ್ ವೇಗದ ಗಾಳಿ, ಅಥವಾ ಸುಂಟರಗಾಳಿ. ಬೆನ್ನಟ್ಟುವವರು ಹುಡುಕುವುದು ಈ ವರ್ಗದ ಬಿರುಗಾಳಿಗಳನ್ನು.

ಮಹಾಬಯಲೇ ಏಕೆ?

ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,200ರಷ್ಟು ಸುಂಟರಗಾಳಿಗಳು ದಾಖಲಾಗುತ್ತವೆ. ಬೇರೆ ಯಾವ ದೇಶದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. ಇದಕ್ಕೆ ಮುಖ್ಯ ಕಾರಣ ಅಲ್ಲಿನ ಭೂರಚನೆ. ಬಯಲಿನ ಪಶ್ಚಿಮಕ್ಕೆ ಉತ್ತರ–ದಕ್ಷಿಣವಾಗಿ ರಾಕಿ ಪರ್ವತಶ್ರೇಣಿ ನಿಂತಿದೆ. ಆಗ್ನೇಯಕ್ಕೆ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ನೀರಿದೆ. ಕೊಲ್ಲಿಗೂ ಕೆನಡಾಕ್ಕೂ ನಡುವೆ ಪೂರ್ವ–ಪಶ್ಚಿಮವಾಗಿ ಅಡ್ಡಗಟ್ಟುವ ಪರ್ವತವೇ ಇಲ್ಲ.

ಹೀಗಾಗಿ ವಸಂತದಲ್ಲಿ ಮೂರು ಬಗೆಯ ಗಾಳಿ ಒಂದರ ಮೇಲೊಂದು ಪದರವಾಗಿ ಇಲ್ಲಿ ಕೂಡುತ್ತದೆ. ನೆಲಕ್ಕೆ ಹತ್ತಿರದಲ್ಲಿ ಕೊಲ್ಲಿಯಿಂದ ಬರುವ ತೇವಭರಿತ ಗಾಳಿ ಇರುತ್ತದೆ. ಅದರ ಮೇಲೆ ನೈರುತ್ಯದ ಎತ್ತರದ ಮರುಭೂಮಿಗಳಿಂದ ಬೀಸುವ ಬಿಸಿಯಾದ ಒಣಗಾಳಿ ಹರಡುತ್ತದೆ. ಇನ್ನೂ ಮೇಲೆ ಪಶ್ಚಿಮದಿಂದ ವೇಗವಾಗಿ ಸಾಗುವ ತಣ್ಣನೆಯ ಗಾಳಿಯ ಪ್ರವಾಹವಿರುತ್ತದೆ. ತೇವದ ಗಾಳಿಯೂ ಮರುಭೂಮಿಯ ಒಣಗಾಳಿಯೂ ನೆಲಮಟ್ಟದಲ್ಲಿ ಸಂಧಿಸುವ ಗೆರೆಗೆ ಶುಷ್ಕರೇಖೆ ಅಥವಾ ಡ್ರೈಲೈನ್ ಎನ್ನುತ್ತಾರೆ. ಟೆಕ್ಸಾಸ್‌ನ ಪಶ್ಚಿಮ ಭಾಗ, ಒಕ್ಲಹೋಮ ಮತ್ತು ಕ್ಯಾನ್ಸಸ್‌ಗಳಲ್ಲಿ ಈ ಗೆರೆಯ ಉದ್ದಕ್ಕೂ ಮೊದಲ ಮೋಡಗಳು ಏಳುವುದು ಸಾಮಾನ್ಯ.

ಬೆನ್ನಟ್ಟುವವರಿಗೆ ಈ ನಾಡು ಇನ್ನೊಂದು ಅನುಕೂಲವನ್ನೂ ಒದಗಿಸಿದೆ. 1785ರ ಭೂಶಾಸನದಿಂದ ಆರಂಭವಾದ ಸರ್ವೇ ಪದ್ಧತಿಯು ನೆಲವನ್ನು ಒಂದೊಂದು ಮೈಲಿಯ ಚೌಕಗಳಾಗಿ ವಿಂಗಡಿಸಿತು. ಆ ಚೌಕಗಳ ಅಂಚಿನಲ್ಲಿಯೇ ರಸ್ತೆಗಳು ಬಂದವು. ಕ್ಯಾನ್ಸಸ್ ಮತ್ತು ಒಕ್ಲಹೋಮದ ಬಹುಭಾಗದಲ್ಲಿ ಚದುರಂಗದ ಮಣೆಯಂತಹ ಈ ರಸ್ತೆಜಾಲವಿದೆ. ಮರಗಳು ವಿರಳವಾದ ಬಯಲಿನಲ್ಲಿ ಹತ್ತಾರು ಕಿಲೋಮೀಟರ್ ದೂರದ ಮೋಡವೂ ಬುಡದಿಂದ ತುದಿಯವರೆಗೆ ಕಾಣಿಸುತ್ತದೆ.

ಋತು ಮುಂದುವರಿದಂತೆ ಬಿರುಗಾಳಿಯ ಕ್ಷೇತ್ರವೂ ಸರಿಯುತ್ತದೆ. ವಸಂತದ ಆರಂಭದಲ್ಲಿ ದಕ್ಷಿಣದಲ್ಲಿರುವ ಚಟುವಟಿಕೆ ಮೇ ತಿಂಗಳಿನಲ್ಲಿ ಒಕ್ಲಹೋಮ, ಕ್ಯಾನ್ಸಸ್‌ಗಳಲ್ಲಿ ಉತ್ತುಂಗಕ್ಕೇರಿ, ಜೂನ್‌ನಲ್ಲಿ ನೆಬ್ರಾಸ್ಕ ಹಾಗೂ ಡಕೋಟಗಳ ಕಡೆಗೆ ಸಾಗುತ್ತದೆ.

ಬಿರುಗಾಳಿಗೆ ಬೇಕಾದ ನಾಲ್ಕು ಅಂಶಗಳು

ತೀವ್ರ ಗುಡುಗು ಬಿರುಗಾಳಿ ಹುಟ್ಟಲು ನಾಲ್ಕು ಅಂಶಗಳು ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿಬರಬೇಕು.

ಮೊದಲನೆಯದು ತೇವಾಂಶ. ಗಾಳಿಯಲ್ಲಿರುವ ಆವಿಯನ್ನು ಇಬ್ಬನಿಬಿಂದುವಿನಿಂದ ಅಳೆಯುತ್ತಾರೆ. ಗಾಳಿಯು ಯಾವ ಉಷ್ಣಾಂಶಕ್ಕೆ ತಣಿದರೆ ಅದರ ಆವಿ ನೀರಾಗತೊಡಗುವುದೋ ಅದೇ ಇಬ್ಬನಿಬಿಂದು. ಮಹಾಬಯಲಿನಲ್ಲಿ ಅದು 18 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಿರುಗಾಳಿಗೆ ಹೇರಳ ಇಂಧನವಿದೆ ಎಂದರ್ಥ.

ಎರಡನೆಯದು ಅಸ್ಥಿರತೆ. ಕೆಳಗಿನ ಗಾಳಿ ಬೆಚ್ಚಗೂ ಮೇಲಿನ ಗಾಳಿ ತಣ್ಣಗೂ ಇದ್ದಾಗ, ಮೇಲಕ್ಕೆ ತಳ್ಳಲ್ಪಟ್ಟ ಗಾಳಿ ತನ್ನ ಸುತ್ತಲಿನ ಗಾಳಿಗಿಂತ ಹಗುರವಾಗಿ ತಾನಾಗಿಯೇ ಏರುತ್ತ ಹೋಗುತ್ತದೆ. ಏರುವಾಗ ಆವಿಯು ನೀರಾಗಿ ಬಿಡುಗಡೆ ಮಾಡುವ ಗುಪ್ತೋಷ್ಣ ಅದನ್ನು ಇನ್ನಷ್ಟು ಹಗುರಗೊಳಿಸುತ್ತದೆ.

ಮೂರನೆಯದು ಮೇಲೆತ್ತುವ ಬಲ. ಶುಷ್ಕರೇಖೆ, ಶೀತಗಾಳಿಯ ಮುಂಚೂಣಿ ಅಥವಾ ಹಿಂದಿನ ಮಳೆಯಿಂದ ಹರಿದುಬಂದ ತಣ್ಣನೆಯ ಗಾಳಿಯ ಅಂಚು ಈ ಕೆಲಸ ಮಾಡುತ್ತದೆ.

ನಾಲ್ಕನೆಯದು ಗಾಳಿಯ ವ್ಯತ್ಯಯ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು ಮತ್ತು ವೇಗ ಬದಲಾಗುವುದನ್ನು ವಿಂಡ್ ಶಿಯರ್ ಎನ್ನುತ್ತಾರೆ. ನೆಲದಲ್ಲಿ ಆಗ್ನೇಯದಿಂದ ಮೆಲ್ಲನೆ ಬೀಸುವ ಗಾಳಿ, ಆರು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ರಭಸವಾಗಿ ಬೀಸುತ್ತಿದ್ದರೆ, ನಡುವಿನ ಗಾಳಿಯು ಎರಡು ಅಂಗೈಗಳ ನಡುವೆ ಹೊಸೆದ ಬತ್ತಿಯಂತೆ ಅಡ್ಡಲಾಗಿ ಉರುಳತೊಡಗುತ್ತದೆ. ಮೇಲೇರುವ ಪ್ರವಾಹವು ಈ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಇಡೀ ಮೋಡವೇ ತಿರುಗಲಾರಂಭಿಸುತ್ತದೆ.

ಇವುಗಳ ಜೊತೆಗೆ ಒಂದು ತಡೆಯೂ ಇದೆ. ಮರುಭೂಮಿಯಿಂದ ಬಂದ ಬಿಸಿ ಪದರವು ಕೆಳಗಿನ ತೇವದ ಗಾಳಿಯನ್ನು ಮುಚ್ಚಳದಂತೆ ಅದುಮಿಡುತ್ತದೆ. ಈ ಮುಚ್ಚಳ ಬೆಳಗ್ಗೆಯೇ ಕಳಚಿದರೆ ಶಕ್ತಿಯೆಲ್ಲ ಸಣ್ಣಪುಟ್ಟ ಮಳೆಯಲ್ಲಿ ಚದುರಿಹೋಗುತ್ತದೆ. ಇಡೀ ದಿನ ಕಳಚದಿದ್ದರೆ ಆಕಾಶ ನೀಲಿಯಾಗಿಯೇ ಉಳಿಯುತ್ತದೆ. ಕುಕ್ಕರಿನಲ್ಲಿ ಆವಿ ಕಟ್ಟಿದಂತೆ ಶಕ್ತಿ ಸಂಗ್ರಹವಾಗಿ, ಸಂಜೆಯ ಹೊತ್ತಿಗೆ ಕೆಲವೇ ಸ್ಥಳಗಳಲ್ಲಿ ಮುಚ್ಚಳ ಒಡೆದಾಗ ಪ್ರಬಲವಾದ ಬಿರುಗಾಳಿಗಳು ಹುಟ್ಟುತ್ತವೆ.

ಸೂಪರ್‌ಸೆಲ್‌ನ ರಚನೆ

ತಿರುಗುವ ಊರ್ಧ್ವ ಪ್ರವಾಹವನ್ನು ಹೊಂದಿದ ಗುಡುಗು ಬಿರುಗಾಳಿಗೆ ಸೂಪರ್‌ಸೆಲ್ ಎಂದು ಹೆಸರು. ಬ್ರಿಟನ್ನಿನ ಹವಾಮಾನ ವಿಜ್ಞಾನಿ ಕೀತ್ ಬ್ರೌನಿಂಗ್ 1960ರ ದಶಕದಲ್ಲಿ ಈ ಪದವನ್ನು ಬಳಕೆಗೆ ತಂದರು. ಸಾಮಾನ್ಯ ಗುಡುಗುಮೋಡದಲ್ಲಿ ಮಳೆಯು ಊರ್ಧ್ವ ಪ್ರವಾಹದ ಮೇಲೆಯೇ ಸುರಿದು ಅದನ್ನು ಒಂದು ಗಂಟೆಯೊಳಗೆ ನಂದಿಸುತ್ತದೆ. ಸೂಪರ್‌ಸೆಲ್‌ನಲ್ಲಿ ಮೇಲಿನ ಬಲವಾದ ಗಾಳಿಯು ಮಳೆಯನ್ನು ಮುಂದಕ್ಕೆ ಒಯ್ದು ಬೇರೆಡೆ ಸುರಿಸುತ್ತದೆ. ಏರುವ ಗಾಳಿಗೂ ಇಳಿಯುವ ಗಾಳಿಗೂ ಬೇರೆ ಬೇರೆ ದಾರಿಯಿರುವುದರಿಂದ ಈ ಮೋಡ ಹಲವು ಗಂಟೆ ಜೀವಂತವಾಗಿರುತ್ತದೆ.

ಬೆನ್ನಟ್ಟುವವರು ಮೋಡದ ಭಾಗಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. ಮೇಲ್ತುದಿಯು ವಾತಾವರಣದ ಸ್ಥಿರ ಪದರಕ್ಕೆ ತಾಗಿ ಕಮ್ಮಾರನ ಅಡಿಗಲ್ಲಿನ ಆಕಾರದಲ್ಲಿ ಅಗಲವಾಗಿ ಹರಡುತ್ತದೆ. ಅದನ್ನೂ ಭೇದಿಸಿ ಮೇಲೆದ್ದ ಗುಮ್ಮಟವು ಪ್ರವಾಹದ ಬಲಕ್ಕೆ ಸಾಕ್ಷಿ. ಈಶಾನ್ಯಕ್ಕೆ ಸಾಗುವ ಮೋಡದಲ್ಲಿ ಮಳೆ ಮತ್ತು ಆಲಿಕಲ್ಲಿನ ಭಾಗ ಸಾಮಾನ್ಯವಾಗಿ ಮುಂದುಗಡೆ, ಅಂದರೆ ಉತ್ತರ ಮತ್ತು ಈಶಾನ್ಯಕ್ಕೆ ಇರುತ್ತದೆ. ನೈರುತ್ಯದಲ್ಲಿ ಮಳೆಯಿಲ್ಲದ, ಕಪ್ಪಾದ, ಸಮತಟ್ಟಾದ ತಳ ಕಾಣುತ್ತದೆ. ಆ ತಳದಿಂದ ಕೆಳಗಿಳಿದ ತುಂಡು ಮೋಡಕ್ಕೆ ಗೋಡೆಮೋಡ ಎಂದು ಹೆಸರು. ಗೋಡೆಮೋಡವು ನಿರಂತರವಾಗಿ ತಿರುಗುತ್ತ, ಅದರ ಪಕ್ಕದಲ್ಲಿ ಒಣಗಾಳಿ ಇಳಿದು ಬೆಳಕಿನ ಕಂಡಿ ಮೂಡಿದರೆ ಸುಂಟರಗಾಳಿಯ ಸಾಧ್ಯತೆ ಹೆಚ್ಚುತ್ತದೆ. ಆದರೂ ಬಹುಪಾಲು ಸೂಪರ್‌ಸೆಲ್‌ಗಳು ಸುಂಟರಗಾಳಿಯನ್ನು ಹುಟ್ಟಿಸದೆಯೇ ಕೊನೆಗೊಳ್ಳುತ್ತವೆ.

ಆಲಿಕಲ್ಲುಗಳೂ ಈ ಮೋಡದ ಬಲವನ್ನು ತೋರಿಸುತ್ತವೆ. 2010ರ ಜುಲೈ 23ರಂದು ದಕ್ಷಿಣ ಡಕೋಟದ ವಿವಿಯನ್ ಎಂಬ ಊರಿನಲ್ಲಿ ಬಿದ್ದ ಆಲಿಕಲ್ಲಿನ ವ್ಯಾಸ 20 ಸೆಂಟಿಮೀಟರ್, ತೂಕ ಸುಮಾರು 880 ಗ್ರಾಂ ಇತ್ತು. ಅಷ್ಟು ತೂಕದ ಮಂಜುಗಡ್ಡೆ ಬೆಳೆಯುವವರೆಗೆ ಅದನ್ನು ಗಾಳಿಯಲ್ಲಿಯೇ ಹಿಡಿದಿಟ್ಟದ್ದು ಮೋಡದ ಊರ್ಧ್ವ ಪ್ರವಾಹ.

ಬೆಳಗ್ಗೆ: ನಕ್ಷೆಯ ಮುಂದೆ

ಬೆನ್ನಟ್ಟುವ ದಿನ ಆರಂಭವಾಗುವುದು ಹವಾಮಾನದ ನಕ್ಷೆಗಳ ಮುಂದೆ. ಜಗತ್ತಿನಾದ್ಯಂತ ಹವಾಮಾನ ಕೇಂದ್ರಗಳು ದಿನಕ್ಕೆ ಎರಡು ನಿಗದಿತ ವೇಳೆಗೆ ಉಪಕರಣ ಹೊತ್ತ ಬಲೂನುಗಳನ್ನು ಹಾರಿಸುತ್ತವೆ. ಒಕ್ಲಹೋಮದಲ್ಲಿ ಬೇಸಿಗೆಯ ಗಡಿಯಾರದ ಪ್ರಕಾರ ಬೆಳಗಿನ 7 ಗಂಟೆಯಾಗುವ, ಭಾರತದಲ್ಲಿ ಸಂಜೆ 5:30 ಆಗುವ ಹೊತ್ತು ಅವುಗಳಲ್ಲೊಂದು. ಈ ಬಲೂನುಗಳು ಕಳುಹಿಸುವ ಉಷ್ಣಾಂಶ, ತೇವಾಂಶ ಮತ್ತು ಗಾಳಿಯ ವಿವರಗಳಿಂದ ಮುಚ್ಚಳ ಎಷ್ಟು ಬಲವಾಗಿದೆ, ಅಸ್ಥಿರತೆ ಎಷ್ಟಿದೆ ಎಂಬುದು ತಿಳಿಯುತ್ತದೆ.

ಒಕ್ಲಹೋಮದ ನಾರ್ಮನ್ ನಗರದಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್, ಅಂದರೆ ಬಿರುಗಾಳಿ ಮುನ್ಸೂಚನಾ ಕೇಂದ್ರವು, ತೀವ್ರ ಬಿರುಗಾಳಿಯ ಅಪಾಯವನ್ನು ಐದು ಹಂತಗಳಲ್ಲಿ ಗುರುತಿಸಿ ದಿನಕ್ಕೆ ಹಲವು ಬಾರಿ ನಕ್ಷೆ ಪ್ರಕಟಿಸುತ್ತದೆ. ಬೆನ್ನಟ್ಟುವವರು ಅದನ್ನು ಓದಿ, ಗಂಟೆಗೊಮ್ಮೆ ಹೊಸದಾಗುವ ಕಂಪ್ಯೂಟರ್ ಮಾದರಿಗಳೊಡನೆ ಹೋಲಿಸಿ, ಅಂದಿನ ಗುರಿಯೂರನ್ನು ನಿರ್ಧರಿಸುತ್ತಾರೆ. ಇದಕ್ಕೆ ಟಾರ್ಗೆಟ್ ಎನ್ನುವುದು ಅವರ ಆಡುಮಾತು. ಗುರಿಯೂರು ನಾನ್ನೂರು ಕಿಲೋಮೀಟರ್ ದೂರವಿರುವುದೂ ಉಂಟು.

ಮಧ್ಯಾಹ್ನ: ಕಾಯುವಿಕೆ

ಗುರಿಯೂರನ್ನು ತಲುಪಿದ ಮೇಲೆ ಪೆಟ್ರೋಲ್ ಬಂಕಿನ ಪಕ್ಕದಲ್ಲಿಯೋ ಹೊಲದ ರಸ್ತೆಯ ಬದಿಯಲ್ಲಿಯೋ ವಾಹನ ನಿಲ್ಲಿಸಿ ಆಕಾಶವನ್ನು ನೋಡುತ್ತ ಕಾಯಬೇಕು. ಟ್ಯಾಂಕ್ ತುಂಬಿಸುವುದು, ಊಟ ಮುಗಿಸುವುದು, ನಕ್ಷೆಯಲ್ಲಿ ಡಾಂಬರು ರಸ್ತೆಗಳನ್ನು ಗುರುತಿಟ್ಟುಕೊಳ್ಳುವುದು ಈ ಹೊತ್ತಿನ ಕೆಲಸಗಳು. ಮಳೆ ಬಿದ್ದರೆ ಮಣ್ಣಿನ ರಸ್ತೆಗಳು ಕ್ಷಣದಲ್ಲಿ ಕೆಸರಾಗುವುದರಿಂದ ಅವುಗಳನ್ನು ನಂಬುವಂತಿಲ್ಲ.

ಉಪಗ್ರಹದ ಚಿತ್ರದಲ್ಲಿ ಶುಷ್ಕರೇಖೆಯ ಗುಂಟ ಸಣ್ಣ ಮೋಡಗಳ ಸಾಲು ಕಾಣಿಸಿಕೊಳ್ಳುತ್ತದೆ. ಅವು ಏರಲು ಯತ್ನಿಸಿ, ಮುಚ್ಚಳಕ್ಕೆ ತಾಗಿ ಕರಗುತ್ತವೆ. ಹಲವು ಯತ್ನಗಳ ನಂತರ ಒಂದು ಗೋಪುರವು ಹೂಕೋಸಿನಂತೆ ಗಟ್ಟಿಯಾದ ಅಂಚುಗಳೊಡನೆ ಮೇಲೇರಿ ಉಳಿದುಕೊಂಡರೆ ಮುಚ್ಚಳ ಒಡೆಯಿತೆಂದು ತಿಳಿಯಬೇಕು. ಅದು ಪೂರ್ಣ ಬಿರುಗಾಳಿಯಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಒಂದು ಗೋಪುರವೂ ನಿಲ್ಲದೆ ಸೂರ್ಯ ಮುಳುಗಿದರೆ ಆ ದಿನ ವ್ಯರ್ಥ. ಅನುಭವಿಗಳ ಲೆಕ್ಕದಲ್ಲಿಯೂ ಇಂತಹ ದಿನಗಳು ಸಾಕಷ್ಟಿವೆ.

ಸಂಜೆ: ಮೋಡದ ಬಳಿ

ಬಿರುಗಾಳಿ ರೂಪುಗೊಂಡ ನಂತರ ಡಾಪ್ಲರ್ ರೇಡಾರ್‌ನ ಚಿತ್ರ ದಾರಿ ತೋರಿಸುತ್ತದೆ. ಈ ರೇಡಾರ್ ಮಳೆಯ ಪ್ರಮಾಣದೊಡನೆ ಗಾಳಿಯು ತನ್ನತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನೂ ಅಳೆಯುತ್ತದೆ. ಎರಡು ವಿರುದ್ಧ ದಿಕ್ಕಿನ ಗಾಳಿಗಳು ಅಕ್ಕಪಕ್ಕದಲ್ಲಿ ಕಂಡರೆ ಅಲ್ಲಿ ಸುತ್ತುವಿಕೆಯಿದೆ. ಮಳೆಯ ಚಿತ್ರದ ನೈರುತ್ಯ ಮೂಲೆಯಲ್ಲಿ ಕೊಕ್ಕೆಯ ಆಕಾರ ಮೂಡುವುದು ಇನ್ನೊಂದು ಗುರುತು.

ನಿಲ್ಲುವ ಸ್ಥಳದ ಆಯ್ಕೆಯೇ ಇಡೀ ದಿನದ ಮುಖ್ಯ ನಿರ್ಧಾರ. ಈಶಾನ್ಯಕ್ಕೆ ಸಾಗುವ ಸೂಪರ್‌ಸೆಲ್‌ಗೆ ಆಗ್ನೇಯ ದಿಕ್ಕಿನಲ್ಲಿ ಕೆಲವು ಕಿಲೋಮೀಟರ್ ದೂರ ನಿಲ್ಲುವುದು ರೂಢಿ. ಅಲ್ಲಿ ಮಳೆಯಿರುವುದಿಲ್ಲ. ವಾಯವ್ಯಕ್ಕೆ ಮುಖ ಮಾಡಿದರೆ ಮೋಡದ ತಳ ನಿಚ್ಚಳವಾಗಿ ಕಾಣುತ್ತದೆ. ದಕ್ಷಿಣಕ್ಕೋ ಪೂರ್ವಕ್ಕೋ ಪಾರಾಗುವ ರಸ್ತೆ ತೆರೆದಿರುತ್ತದೆ. ಬೆನ್ನಿಗೆ ಬೆಚ್ಚನೆಯ ತೇವದ ಗಾಳಿ ಬೀಸುತ್ತ ಮೋಡದ ಕಡೆಗೆ ಸಾಗುತ್ತದೆ, ಹೊಲದ ಗೋಧಿಯ ಪೈರು ಅದೇ ದಿಕ್ಕಿಗೆ ಬಾಗುತ್ತದೆ. ಮೋಡ ಮುಂದೆ ಸರಿದಂತೆ ವೀಕ್ಷಕರೂ ಚೌಕದ ರಸ್ತೆಗಳಲ್ಲಿ ಪೂರ್ವಕ್ಕೊಂದು ಮೈಲಿ, ಉತ್ತರಕ್ಕೊಂದು ಮೈಲಿ ಎಂಬಂತೆ ಮೆಟ್ಟಿಲು ಹತ್ತಿದ ಹಾಗೆ ಸಾಗುತ್ತಾರೆ.

ಕತ್ತಲಾದ ಮೇಲೆ ಸುಂಟರಗಾಳಿಯು ಮಿಂಚಿನ ಬೆಳಕಿನಲ್ಲಿ ಮಾತ್ರ ಕಾಣಿಸುವುದರಿಂದ ವಿವೇಕಿಗಳು ಹಿಂದೆ ಸರಿದು, ದೂರದಿಂದ ಮಿಂಚನ್ನು ಚಿತ್ರೀಕರಿಸಿ ದಿನ ಮುಗಿಸುತ್ತಾರೆ. ಅಷ್ಟರಲ್ಲಿ ಐನೂರರಿಂದ ಎಂಟುನೂರು ಕಿಲೋಮೀಟರ್ ಪ್ರಯಾಣ ಆಗಿರುವುದು ಅಪರೂಪವಲ್ಲ.

ಅಪಾಯಗಳು

ನೀರು ನಿಂತ ರಸ್ತೆ, ನಿದ್ದೆಗೆಟ್ಟ ಚಾಲನೆ ಮತ್ತು ವಾಹನಗಳ ದಟ್ಟಣೆ ಈ ಚಟುವಟಿಕೆಯ ನಿತ್ಯದ ಅಪಾಯಗಳು. ಗಾಜು ಒಡೆಯುವ ಆಲಿಕಲ್ಲು ಮತ್ತು ಬಯಲಿನಲ್ಲಿ ನಿಂತವರಿಗೆ ಎರಗುವ ಸಿಡಿಲು ಅನಂತರ ಬರುತ್ತವೆ. ಸುಂಟರಗಾಳಿಯು ಇವುಗಳಿಗಿಂತ ಅಪರೂಪ. ಆದರೆ ಮಳೆಯ ತೆರೆಯೊಳಗೆ ಅಡಗಿದ ಸುಂಟರಗಾಳಿ ಅತ್ಯಂತ ಅಪಾಯಕಾರಿ.

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ ಇದಕ್ಕೆ ನಿದರ್ಶನ. ಅದು 4.2 ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ದಾಖಲೆಯಲ್ಲಿರುವ ಸುಂಟರಗಾಳಿಗಳಲ್ಲಿ ಇದೇ ಅತ್ಯಂತ ಅಗಲವಾದದ್ದು. ಅದರ ದಿಕ್ಕು ಮತ್ತು ವೇಗ ಹಠಾತ್ತಾಗಿ ಬದಲಾದವು. ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್ ಸಮಾರಸ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಅದರಲ್ಲಿ ಪ್ರಾಣ ಕಳೆದುಕೊಂಡರು. ಎಚ್ಚರಿಕೆಗೆ ಹೆಸರಾದ, ದಶಕಗಳ ಅನುಭವವಿದ್ದ ತಂಡವದು. ಪ್ರಕೃತಿಯ ಈ ಶಕ್ತಿಯ ಎದುರು ಅನುಭವವೊಂದೇ ರಕ್ಷೆಯಾಗಲಾರದು ಎಂಬುದು ಅಂದಿನ ಕಠಿಣ ಪಾಠ.

ಹವ್ಯಾಸದಿಂದ ವಿಜ್ಞಾನಕ್ಕೆ

ಉತ್ತರ ಡಕೋಟದ ಡೇವಿಡ್ ಹೋಡ್ಲಿ 1956ರಲ್ಲಿ ಬಿರುಗಾಳಿಗಳ ಬೆನ್ನಟ್ಟಲು ಆರಂಭಿಸಿದರು. ಈ ಹವ್ಯಾಸದ ಮೊದಲಿಗರಲ್ಲಿ ಒಬ್ಬರಾದ ಅವರು 1977ರಲ್ಲಿ ಸ್ಟಾರ್ಮ್ ಟ್ರ್ಯಾಕ್ ಎಂಬ ಪತ್ರಿಕೆಯನ್ನು ಹೊರತಂದರು. 1972ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯ ಮತ್ತು ನಾರ್ಮನ್‌ನ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯಗಳು ಸಂಘಟಿತ ವೈಜ್ಞಾನಿಕ ಬೆನ್ನಟ್ಟುವಿಕೆಯನ್ನು ಕೈಗೊಂಡವು.

ಮರುವರ್ಷವೇ ಅದರ ಫಲ ದೊರೆಯಿತು. 1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ತಂಡಗಳು ಹುಟ್ಟಿನಿಂದ ಅಂತ್ಯದವರೆಗೆ ಚಿತ್ರೀಕರಿಸಿದವು. ಅದೇ ಹೊತ್ತಿಗೆ ಡಾಪ್ಲರ್ ರೇಡಾರ್ ಅದೇ ಮೋಡವನ್ನು ಅಳೆಯುತ್ತಿತ್ತು. ಎರಡನ್ನೂ ಹೋಲಿಸಿದಾಗ, ಸುಂಟರಗಾಳಿ ನೆಲ ಮುಟ್ಟುವ ಮೊದಲೇ ಮೋಡದೊಳಗಿನ ಸುತ್ತುವಿಕೆ ರೇಡಾರ್‌ನಲ್ಲಿ ಕಾಣಿಸಿಕೊಂಡದ್ದು ಗೊತ್ತಾಯಿತು. ಮುಂದೆ ಅಮೆರಿಕದಾದ್ಯಂತ ಡಾಪ್ಲರ್ ರೇಡಾರ್ ಜಾಲ ಸ್ಥಾಪಿಸಲು ಇಂತಹ ಸಂಶೋಧನೆಗಳೇ ಆಧಾರವಾದವು.

1994–95ರಲ್ಲಿ ವೋರ್ಟೆಕ್ಸ್ ಎಂಬ ಬೃಹತ್ ಯೋಜನೆ ನಡೆಯಿತು. ಅದರ ಎರಡನೆಯ ಆವೃತ್ತಿ 2009–10ರಲ್ಲಿ ಸಾಗಿತು. 1995ರಲ್ಲಿ ಜೋಶುವಾ ವರ್ಮನ್ ಅವರ ತಂಡ ಲಾರಿಯ ಮೇಲೆ ಡಾಪ್ಲರ್ ರೇಡಾರ್ ಕೂರಿಸಿ ಮೋಡದ ಬಳಿಗೇ ಒಯ್ದಿತು. 1999ರ ಮೇ 3ರಂದು ಒಕ್ಲಹೋಮ ನಗರದ ಹೊರವಲಯದ ಸುಂಟರಗಾಳಿಯಲ್ಲಿ ಗಂಟೆಗೆ 480 ಕಿಲೋಮೀಟರ್ ದಾಟಿದ ಗಾಳಿಯನ್ನು ಅಳೆದದ್ದು ಇಂತಹ ರೇಡಾರ್. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಬಳಿ ಟಿಮ್ ಸಮಾರಸ್ ಸುಂಟರಗಾಳಿಯ ದಾರಿಯಲ್ಲಿ ಇರಿಸಿದ್ದ ಉಪಕರಣವು ವಾಯುಭಾರದಲ್ಲಿ 100 ಮಿಲಿಬಾರ್ ಕುಸಿತವನ್ನು ದಾಖಲಿಸಿತು.

ಉಪಯೋಗ

ಇಂದಿಗೂ ರೇಡಾರ್‌ಗೆ ಒಂದು ಮಿತಿಯಿದೆ. ಭೂಮಿಯ ವಕ್ರತೆ ಮತ್ತು ಕಿರಣದ ಓರೆಯಿಂದಾಗಿ, ನೂರು ಕಿಲೋಮೀಟರ್ ದೂರದಲ್ಲಿ ಅದರ ಅತಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದನ್ನು ಕಾಣಲು ಸ್ಥಳದಲ್ಲಿರುವ ಮನುಷ್ಯನ ಕಣ್ಣೇ ಬೇಕು. ಸ್ಕೈವಾರ್ನ್ ಎಂಬ ವ್ಯವಸ್ಥೆಯಡಿ ತರಬೇತಿ ಪಡೆದ ಸ್ವಯಂಸೇವಕರು ಮತ್ತು ಬೆನ್ನಟ್ಟುವವರು ಕಳುಹಿಸುವ ವರದಿಗಳನ್ನು ಆಧರಿಸಿ ಸ್ಥಳೀಯ ಹವಾಮಾನ ಕಚೇರಿಗಳು ಎಚ್ಚರಿಕೆಯನ್ನು ಖಚಿತಪಡಿಸುತ್ತವೆ. ಕಣ್ಣಾರೆ ಕಂಡ ಸುಂಟರಗಾಳಿಯ ಸುದ್ದಿ ಜನರನ್ನು ನೆಲಮಾಳಿಗೆಗೆ ಬೇಗ ಇಳಿಸುತ್ತದೆ.

ನಮ್ಮ ನೆಲದ ಗುಡುಗುಮೋಡ

ಮೋಡದ ಭೌತವಿಜ್ಞಾನ ಎಲ್ಲೆಡೆ ಒಂದೇ. ಏಪ್ರಿಲ್–ಮೇ ತಿಂಗಳುಗಳಲ್ಲಿ ಕರ್ನಾಟಕದ ಒಳನಾಡಿನಲ್ಲಿ ಸುರಿಯುವ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳೂ ಬಹುಮಟ್ಟಿಗೆ ಕಾದ ನೆಲ ಮತ್ತು ಸಮುದ್ರದ ತೇವಾಂಶದಿಂದ ಹುಟ್ಟುವ ಗುಡುಗುಮಳೆಗಳೇ. ಆದರೆ ಇಲ್ಲಿ ಎತ್ತರದ ಗಾಳಿಯ ವ್ಯತ್ಯಯ ಸಾಮಾನ್ಯವಾಗಿ ದುರ್ಬಲ. ಆದ್ದರಿಂದ ಮೋಡಗಳು ತಿರುಗದೆ ಬೇಗನೆ ಸುರಿದು ಮುಗಿಯುತ್ತವೆ. ಪೂರ್ವ ಭಾರತ ಮತ್ತು ಬಾಂಗ್ಲಾದೇಶಗಳ ಪರಿಸ್ಥಿತಿ ಬೇರೆ. ಅಲ್ಲಿನ ಕಾಲಬೈಶಾಖಿ ಬಿರುಗಾಳಿಗಳು ಮಹಾಬಯಲಿನವುಗಳಿಗೆ ಹತ್ತಿರದ ಬಂಧುಗಳು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡ ಸುಂಟರಗಾಳಿಯನ್ನು ಜಗತ್ತಿನಲ್ಲಿಯೇ ಅತ್ಯಂತ ಮಾರಕವಾದದ್ದೆಂದು ಪರಿಗಣಿಸಲಾಗಿದೆ.

ಕರ್ನಾಟಕದ ಬಯಲಿನಲ್ಲಿ ದುಡಿಯುವವರಿಗೆ ಗುಡುಗುಮೋಡದ ಮುಖ್ಯ ಅಪಾಯ ಸಿಡಿಲು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಮೊಬೈಲ್ ಆ್ಯಪ್ ಹತ್ತಿರದ ಸಿಡಿಲಿನ ಬಗ್ಗೆ ಮುನ್ಸೂಚನೆ ನೀಡುತ್ತದೆ. ಯಾವ ಉಪಕರಣವೂ ಇಲ್ಲದಿದ್ದರೆ ಎಣಿಕೆ ಸಾಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರ್‌ಗಳಲ್ಲಿ ದೊರೆಯುತ್ತದೆ. ಆ ಎಣಿಕೆ ಮೂವತ್ತಕ್ಕಿಂತ ಕಡಿಮೆಯಿದ್ದರೆ ಮರದ ಆಸರೆಯನ್ನು ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಬೇಕು ಮತ್ತು ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕು.